ಅಕ್ಕ ಕೇಳಿದ ಪ್ರಶ್ನೆ

ಹಿರೇಕೆರೂರಿನ ಮೃತ್ಯುಂಜಯಪ್ಪನ ಸಣ್ಣ ಮಗಳು ಶ್ವೇತಾ ಯಾವತ್ತೂ ಒಬ್ಬಳೇ ಓದಿದವಳಲ್ಲ. ಪುಸ್ತಕ ಹಿಡಿದು ಕೇಳಲು ಅಕ್ಕ ಶೀಲಾ ಬೇಕು. ಅವ್ವ ತೀರಿಕೊಂಡಾಗ ಶ್ವೇತಾ ನಾಲ್ಕನೇ ಇಯತ್ತೆಯಲ್ಲಿದ್ದಳು. ಶೀಲಾ ಪಿಯುಸಿ ಅರ್ಧಕ್ಕೇ ಬಿಟ್ಟು ಹೊಲಿಗೆ ಮಷೀನಿನ ಮುಂದೆ ಕೂತವಳು, ಮದುವೆಯ ಮಾತು ಬಂದಾಗಲೆಲ್ಲ 'ಇಕೀದು ಓದು ಮುಗೀಲಿ' ಅನ್ನುತ್ತ ಮೂವತ್ತು ದಾಟಿದ್ದಳು. ಮೊದಲು ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದಳು, ಈಗ ರೋಗಗಳನ್ನು.

ಎಂಬಿಬಿಎಸ್ ಕೊನೆಯ ಪರೀಕ್ಷೆಗೆ ಓದಲು ರಜೆ ಕೊಟ್ಟಾಗ ಶ್ವೇತಾ ಹುಬ್ಬಳ್ಳಿಯ ಹಾಸ್ಟೆಲ್ಲಿನಿಂದ ಊರಿಗೆ ಬಂದಳು. ಶೀಲಾ ರವಿಕೆಗೆ ಹುಕ್ಕು ಹಚ್ಚುತ್ತ, ತಂಗಿಯ ನೋಟ್‌ಬುಕ್ಕನ್ನು ಮೊಣಕಾಲ ಮೇಲಿಟ್ಟುಕೊಂಡು, ಇಂಗ್ಲಿಷ್ ಹೆಸರುಗಳನ್ನು ಅಕ್ಷರ ಕೂಡಿಸಿ ಓದುತ್ತಿದ್ದಳು.

"ನಾಕು ಹೇಳಿದಿ. ಐದನೇದು?"

"ತಡಿ, ಬರಾಕತ್ತೈತಿ."

"ಪರೀಕ್ಷಾದಾಗ ಮಾಸ್ತರು ತಡೀತಾರೇನು?"

ಒಂದೇ ಒಂದು ವಿಷಯಕ್ಕೆ ಆ ಸಲ ಅಕ್ಕ ಒಪ್ಪಲಿಲ್ಲ. ಐದು ವರ್ಷ ಶ್ವೇತಾ ನಾಡಿ ಹಿಡಿದದ್ದು, ಹೊಟ್ಟೆ ಒತ್ತಿ ನೋಡಿದ್ದು, ಎದೆಯ ಸಪ್ಪಳ ಕೇಳಿ ಕಲಿತದ್ದು ಎಲ್ಲ ಅಕ್ಕನ ಮೈಮೇಲೆಯೇ. ಈ ಸಲ ಸ್ಟೆತಸ್ಕೋಪು ತಂದರೆ "ನಿನ್ನ ಕೈ ತಣ್ಣಗದಾವು, ಅಪ್ಪನ್ನ ನೋಡು ಹೋಗು" ಎಂದು ಸೆರಗು ಬಿಗಿ ಮಾಡಿಕೊಂಡಳು. ಶ್ವೇತಾಗೆ ತುಸು ಸಿಟ್ಟೇ ಬಂತು. ಅಪ್ಪ ಪಾಪ, ಸಂತೆಯಿಂದ ಬಂದವನು ಅಂಗಿ ಬಿಚ್ಚಿ ಮಲಗಿದ.

ಪರೀಕ್ಷೆಗೆ ವಾರವಿರುವಾಗ ಸ್ತನದ ಗಂಟುಗಳ ಪಾಠ ಬಂತು. ಶ್ವೇತಾ ಕಣ್ಣು ಮುಚ್ಚಿ ಗಡಗಡ ಹೇಳಿದಳು: ನೋವಿರೂದಿಲ್ಲ, ಗಟ್ಟಿ ಇರ್ತೈತಿ, ಬೆಳದಂಗ ಮ್ಯಾಲಿನ ಚರ್ಮ ಕಿತ್ತಳೆ ಸಿಪ್ಪಿ ಹಂಗ ತೂತು ತೂತು ಕಾಣ್ತೈತಿ.

ಶೀಲಾ ಪುಟ ತಿರುವಲಿಲ್ಲ. "ಕಂಕುಳಕ್ಕೂ ಗಂಟು ಬಂದಿದ್ರ?"

"ಅದು ಮುಂದ ಹೋದಂಗ. ಲಿವರಿಗೆ, ಎಲುಬಿಗೆ ಮುಟ್ಟಿದ್ರ ನಾಕನೇ ಹಂತ."

"ಆಗ ಎಷ್ಟು ಮಂದಿ ಉಳೀತಾರ?"

"ಐದು ವರ್ಷ ಬದುಕೂದು ನೂರರಾಗ ಇಪ್ಪತ್ತೈದು ಮಂದಿ." ಶ್ವೇತಾ ಕಣ್ಣು ತೆರೆದು ನಕ್ಕಳು. "ಬರೋಬ್ಬರಿ ಹೌದಲ್ಲ? ನೋಡು ಅಲ್ಲೆ."

ಶೀಲಾ ಬೆರಳಿಟ್ಟು ಆ ಸಾಲು ಹುಡುಕಿದಳು. "ಬರೋಬ್ಬರಿ ಐತಿ" ಎಂದು ಮುಂದಿನ ಪ್ರಶ್ನೆ ಓದಿದಳು.

ಬರೆಯುವ ಪರೀಕ್ಷೆ, ಪ್ರಾಕ್ಟಿಕಲ್ಲು ಎಲ್ಲ ಮುಗಿಯಲು ಎರಡು ತಿಂಗಳು ಹಿಡಿಯಿತು. ದಿನಾ ಫೋನಿನಲ್ಲಿ "ಉಂಡೇನು? ಹೆಂಗ ಬರದಿ?" ಇಷ್ಟೇ ಮಾತು. ಶ್ವೇತಾ ಊರಿಗೆ ಬಂದ ದಿನ ಶೀಲಾ ಆಕೆಗೆ ಹೊಟ್ಟೆ ತುಂಬ ಉಣ್ಣಿಸಿ, ಒಳಕೋಣೆಗೆ ಕರೆದು, ಕದ ಮುಂದೆ ಮಾಡಿ ಸೆರಗು ಸರಿಸಿದಳು.

ಯಾವ ಪುಸ್ತಕವೂ ಬೇಕಾಗಲಿಲ್ಲ. ಎಡ ಎದೆಯ ಚರ್ಮ ಕಿತ್ತಳೆ ಸಿಪ್ಪೆಯಂತಾಗಿತ್ತು, ಎಡಗೈ ಬಾತು ದಪ್ಪವಾಗಿತ್ತು.

"ಯಾವಾಗಿಂದ?"

"ದೀಪಾವಳಿಗೆ ಕೈಗೆ ಹತ್ತಿತು. ಬರೇ ಗಂಟು ಅಂದ್ಕೊಂಡಿದ್ದೆ. ನೀ ಹೇಳಿದಿ ನೋಡು, ಅವತ್ತ ತಿಳೀತು."

"ತಿಳದ ಮ್ಯಾಲೂ ಸುಮ್ಮನಿದ್ದಿ?"

"ಹೇಳಿದ್ರ ನೀ ಪರೀಕ್ಷಾ ಬಿಟ್ಟು ನನ್ನ ಹಿಂದ ದವಾಖಾನಿ ತಿರಗ್ತಿದ್ದಿ. ನಿನ್ನ ವರ್ಷ ಹೋಗ್ತಿತ್ತು."

"ನಿಂದು?"

ಶೀಲಾ ಸೆರಗು ಹೊದ್ದುಕೊಂಡಳು. "ಅಪ್ಪಗ ನೀನ ಹೇಳು. ನನ್ನ ಕಡಿಂದ ಆಗೂದಿಲ್ಲ."

ಮರುದಿನ ಮೊದಲ ಬಸ್ಸಿಗೇ ಶ್ವೇತಾ ಅಕ್ಕನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದಳು. ಸ್ಕ್ಯಾನಿನಲ್ಲಿ ಲಿವರಿನ ಮೇಲೆ ಕಲೆಗಳು ಕಂಡವು. ಶ್ವೇತಾಗೆ ಪಾಠ ಹೇಳಿದ ಡಾಕ್ಟರ್ ರುದ್ರೇಶ ಫಿಲ್ಮನ್ನು ಬಹಳ ಹೊತ್ತು ನೋಡಿದರು.

"ಎರಡು ತಿಂಗಳ ಹಿಂದ ಕರಕೊಂಡು ಬಂದಿದ್ರ, ಸರ್?"

"ಹೇಳಾಕ ಬರೂದಿಲ್ಲವಾ" ಎಂದರು. ಸುಳ್ಳು ಹೇಳಲಾರದವರು.

ಫಲಿತಾಂಶ ಬಂದಾಗ ಶೀಲಾ ವಾರ್ಡಿನಲ್ಲಿದ್ದಳು. ತಲೆಯ ಕೂದಲೆಲ್ಲ ಉದುರಿತ್ತು. ತಂಗಿ ಪಾಸಾದ ಸುದ್ದಿಯನ್ನು ಪಕ್ಕದ ಮಂಚದ ಮುನವ್ವರಾಗೆ, ನರ್ಸಿಗೆ, ಕಸ ಹೊಡೆಯಲು ಬಂದವಳಿಗೆ ಕರೆಕರೆದು ಹೇಳಿದಳು. ಸಂಜೆ ಮೈ ಸುಡತೊಡಗಿತು. ಆಮೇಲೆ ಆಕೆ ಎದ್ದು ಕೂತದ್ದು ಕಡಿಮೆ. ಶ್ರಾವಣದ ಎರಡನೇ ವಾರ ಊರಿನಲ್ಲೇ, ತಂಗಿಯ ಕೈಯಲ್ಲಿ ಎರಡು ಚಮಚ ಗಂಜಿ ಕುಡಿದು, ಹೋದಳು.

ಮೂರನೇ ದಿನದ ಕಾರ್ಯ ಮುಗಿದು ಬಂದವರೆಲ್ಲ ಹೊರಟ ಮೇಲೆ, ಮೃತ್ಯುಂಜಯಪ್ಪ ಮಗಳ ಹತ್ತಿರ ಬಂದು ಕೂತ. ದೂರುವ ದನಿ ಅದಲ್ಲ. ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳುವ ಹಾಗೆ ಕೇಳಿದ.

"ಅಕಿ ದಿನಾ ನಿನ್ನ ಮುಂದ ಕುಂತಿರ್ತಿದ್ದಳಲ್ಲವಾ. ನಿನಗ ಕಾಣಲಿಲ್ಲೇನು?"

"ಇಲ್ಲಪ್ಪಾ" ಎಂದಳು ಶ್ವೇತಾ. "ಕಾಣಲಿಲ್ಲ."

ಅವನು ತಲೆಯಾಡಿಸಿ, ಆಕೆಯ ಬೆನ್ನ ಮೇಲೆ ಕೈ ಇಟ್ಟು ಹಾಗೆಯೇ ಕೂತ. ಆ ಕೈ ತೆಗೆದುಬಿಟ್ಟರೆ ಸಾಕು ಎಂದು ಶ್ವೇತಾಗೆ ಅನಿಸುತ್ತಿತ್ತು. ಅವನು ತೆಗೆಯಲಿಲ್ಲ.