ಎರಡೆಂದು ಬರೆದ ಪೆಟ್ಟಿಗೆ

ಮೇಜಿನ ಮೇಲೊಂದು ತೇಗದ ಪೆಟ್ಟಿಗೆ. ಮುಚ್ಚಳದ ಮೇಲೆ ನಾಲ್ಕು ಹಿತ್ತಾಳೆಯ ತಿರುಪುಗಳು, ಬೆರಳು ತಾಗಿ ತಾಗಿ ಮಿರುಗುವಂಥವು. ಅವುಗಳ ನಡುವೆ ಅಂಟಿಸಿದ ಎರಡು ಚೀಟಿಗಳು ಹಳದಿಗಟ್ಟಿವೆ. ಎರಡರ ಮೇಲೂ ಕಪ್ಪು ಶಾಯಿಯಲ್ಲಿ ಒಂದೇ ಬರಹ: 2 ಮೈಕ್ರೋಫ್ಯಾರಡ್. ಕಿಟಕಿಯಿಂದ ಬಂದ ಏಪ್ರಿಲ್ ಬಿಸಿಲು ಮುಚ್ಚಳದ ಅರ್ಧಕ್ಕೆ ನಿಂತು, ಮುಂದೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿರುವಂತಿದೆ.

ಆ ಬರಹ ಶಂಕರನಾರಾಯಣರದು. ನಂಜನಗೂಡಿನಿಂದ ದಿನವೂ ಬಸ್ಸಿನಲ್ಲಿ ಬಂದು ತಿ. ನರಸೀಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಅವರು, 1973ರಲ್ಲಿ ಈ ಪೆಟ್ಟಿಗೆ ಹೊಸದಾಗಿ ಬಂದಾಗ, ಒಳಗಿನ, ವಿದ್ಯುತ್ತನ್ನು ಹಿಡಿದಿಡುವ ಎರಡು ಕಂಡೆನ್ಸರುಗಳನ್ನು ನೋಡದೆ, ಬಿಲ್ಲನ್ನಷ್ಟೇ ನೋಡಿ ಚೀಟಿ ಅಂಟಿಸಿದ್ದರು. ಅಂದಿನಿಂದ ಹನ್ನೊಂದು ವರ್ಷ ಬಿ.ಎಸ್ಸಿ. ಪ್ರಾಯೋಗಿಕ ಪರೀಕ್ಷೆಗೆ ಅದೇ ಪೆಟ್ಟಿಗೆ, ಅದೇ ಪ್ರಶ್ನೆ: ಎರಡನ್ನೂ ಸರಣಿಯಲ್ಲಿ ಜೋಡಿಸಿ ಒಟ್ಟು ಧಾರಣಶಕ್ತಿಯನ್ನು ಅಳೆಯಿರಿ. ಸರಣಿಯಲ್ಲಿ ಕಂಡೆನ್ಸರುಗಳು ಕೂಡಿ ಬೆಳೆಯುವುದಿಲ್ಲ, ಕುಗ್ಗುತ್ತವೆ. ಗುಣಲಬ್ಧವನ್ನು ಮೊತ್ತದಿಂದ ಭಾಗಿಸಬೇಕು. ಎರಡೆರಡ್ಲ ನಾಲ್ಕು, ಮೊತ್ತವಾದ ನಾಲ್ಕರಿಂದ ಭಾಗಿಸಿದರೆ ಒಂದು. ವಿದ್ಯಾರ್ಥಿಗಳು ಕಿವಿಗೆ ಹೆಡ್‌ಫೋನು ಹಾಕಿ, ಗುಂಡಿ ತಿರುಗಿಸುತ್ತ, ಗುಂಯ್‌ಗುಡುವ ಸದ್ದು ಅಡಗುವ ತಾಣವನ್ನು ಹಿಡಿದು ಲೆಕ್ಕ ಕಟ್ಟುತ್ತಿದ್ದರು. ಎಲ್ಲರಿಗೂ ಒಂದೇ ಬರುತ್ತಿತ್ತು. "ನಮ್ಮ ಮಕ್ಕಳದು ತಂಬೂರಿ ಶ್ರುತಿ ಮಾಡುವವರ ಕಿವಿ" ಎಂದು ಶಂಕರನಾರಾಯಣರು ಹೆಮ್ಮೆಪಡುವುದಿತ್ತು.

ಇಂದು ತಗಡೂರಿನ ವಿದ್ಯಾರ್ಥಿನಿ ಗೋವಿಂದಮ್ಮ 0.67 ಎಂದು ಬರೆದು ತಂದಿದ್ದಳು.

"ಏನಮ್ಮಾ ಇದು? ಎಷ್ಟು ಬರಬೇಕು ಗೊತ್ತೇನು?"

"ಒಂದು ಸಾ."

"ಗೊತ್ತಿದ್ದೂ ಹೀಗೆ ಬರೆದೆಯಾ? ಇದರಲ್ಲಿ ಹೋದರೆ ಡಿಗ್ರಿಯೇ ಹೋಯಿತು. ತಿದ್ದಿಕೊಂಡು ಬಾ."

"ಮೂರು ಸಲ ಕೇಳ್ದೆ ಸಾ. ಒಂದರತ್ರ ಸದ್ದು ನಿಲ್ಲಾಕಿಲ್ಲ. ನಿಲ್ದೇ ಇದ್ದದ್ನ ನಿಂತದೆ ಅಂತ ಎಂಗೆ ಬರೀಲಿ?"

ಬಾಗಿಲ ಬಳಿ ತಂತಿ ಸುತ್ತುತ್ತಿದ್ದ ಅಟೆಂಡರ್ ಮರಿಯಯ್ಯ ನಕ್ಕ. "ಬರ್ಕೊಳವ್ವ, ಪಾಸಾಗು. ಎಲ್ರೂ ಮೊದ್ಲು ಒಂದು ಅಂತ ಬರ್ಕಂಡು, ಆಮ್ಯಾಕೆ ಎಡ್‌ಫೋನ್ ಆಕ್ಕತಾರೆ. ಅನ್ನೊಂದು ವರ್ಸದಿಂದ ನಾ ಕಾಣ್ನಾ!"

ಶಂಕರನಾರಾಯಣರ ಕೆಂಪು ಪೆನ್ನು ಗಾಳಿಯಲ್ಲೇ ನಿಂತಿತು. "ಏನಂದೆ?"

"ಅಯ್ಯೋ, ತಮಗೇ ಗೊತ್ತಿಲ್ವಾ ಸಾ?"

ಅವರು ಎದ್ದು ಬಂದು ತಾವೇ ಹೆಡ್‌ಫೋನು ಹಾಕಿಕೊಂಡರು. ಒಂದರ ತಾಣದಲ್ಲಿ ಕಿವಿಯೊಳಗೆ ಜೇನುಗೂಡು ಎದ್ದಿತು. ಗುಂಡಿ ತಿರುಗಿದಂತೆ ಸದ್ದು ಸೊರಗಿ, ಹುಡುಗಿ ಬರೆದಿದ್ದ ಜಾಗದಲ್ಲಿ ಪೂರ್ತಿ ಅಡಗಿತು. ಅಂಥ ಮೌನವನ್ನು ಅವರು ಆ ಕೋಣೆಯಲ್ಲಿ ಎಂದೂ ಕೇಳಿರಲಿಲ್ಲ.

"ಬಿಚ್ಚು ಮರಿಯಯ್ಯ."

ಮುಚ್ಚಳ ಎದ್ದಾಗ ಹಳೆಯ ಮೇಣದ ವಾಸನೆ ಬಂತು. ಒಂದು ಕಂಡೆನ್ಸರಿನ ಮೇಲೆ ಅಚ್ಚಾಗಿದ್ದದ್ದು 2. ಇನ್ನೊಂದರ ಮೇಲೆ 1. ಎರಡೊಂದ್ಲ ಎರಡು, ಭಾಗಿಸಬೇಕಾದದ್ದು ಮೂರರಿಂದ.

ಶಂಕರನಾರಾಯಣರು ಸ್ಟೂಲಿನ ಮೇಲೆ ಕೂತರು. ಹನ್ನೊಂದು ವರ್ಷದ ಅಷ್ಟೂ ಉತ್ತರಗಳು ತಮ್ಮ ಒಂದು ಚೀಟಿಗೆ ತಲೆಬಾಗಿ ನಿಂತ ಸುಳ್ಳುಗಳು! ಅಷ್ಟೂ? ಅಲ್ಲ. 1977ರಲ್ಲಿ ಒಬ್ಬ ಸಣಕಲು ಹುಡುಗ ಇದೇ ಅಂಕಿಯನ್ನು ತಂದು, "ಕೇಳ್ಸಿದ್ದೇ ಬರ್ದೆ ಸಾ" ಎಂದಿದ್ದ. ಉದ್ಧಟತನವೆಂದುಕೊಂಡು ಸೊನ್ನೆ ಸುತ್ತಿದ್ದರು. ಅವನು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ.

ಅವರು ಗೋವಿಂದಮ್ಮನ ಹಾಳೆಯ ಮೇಲೆ ಪೂರ್ತಿ ಅಂಕ ಬರೆದರು. "ನಿನಗೆ ಇಷ್ಟು ಧೈರ್ಯ ಎಲ್ಲಿಂದ ಬಂತಮ್ಮಾ?"

"ನಮ್ಮಣ್ಣ ಬೆಟ್ಟಸ್ವಾಮಿ ಏಳಿದ್ದ ಸಾ. ಆ ಪೆಟ್ಗೆ ಬಂದ್ರೆ ಕೇಳ್ಸಿದ್ದೇ ಬರಿ, ಎದ್ರುಕೋಬ್ಯಾಡ ಅಂದ. ಇಲ್ಲೇ ಓದ್ತಿದ್ದ. ಈಗ ತಾಂಡ್ಯದ ಪ್ಯಾಕ್ಟ್ರೀಲಿ ಮೂಟೆ ಒರ್ತಾನೆ."

ಮರಿಯಯ್ಯನ ಕೈಯ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಯಾರೂ ಅದನ್ನು ಎತ್ತಲಿಲ್ಲ.

"ಅಂಗಾರೆ ಅವ್ನು ಬರ್ದಿದ್ದೂ ಸರಿಯಾ ಸಾ?" ಎಂದಳು ಗೋವಿಂದಮ್ಮ.

"ಸರಿ."

"ಅದ್ನ ಒಂದು ಚೀಟೀಲಿ ಬರ್ಕೊಡಿ. ನಾ ಏಳುದ್ರೆ ನಂಬಾಕಿಲ್ಲ ಅವ್ನು."

ಅವರು ಹಾಳೆ ಹರಿದು ಬರೆದರು: 'ಬೆಟ್ಟಸ್ವಾಮಿ, 1977. ಉತ್ತರ 0.67. ಸರಿಯಾಗಿದೆ.' ಸಹಿ ಹಾಕುವಾಗ ತಮ್ಮದೇ ಹೆಸರು ಉದ್ದವೆನಿಸಿತು. ಗೋವಿಂದಮ್ಮ ಶಾಯಿ ಆರುವವರೆಗೂ ಕಾದು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದು ನಡೆದಳು. ಸ್ಪ್ರಿಂಗಿನ ಬಾಗಿಲು ಅವಳ ಹಿಂದೆ ಎರಡು ಸಲ ತೂಗಾಡಿ ಮುಚ್ಚಿಕೊಂಡಿತು.