ಮರಳು ಸೋರಿದ ಗಾಡಿ

ಆ ಶನಿವಾರ ನನಗೆ ಹೆಚ್ಚು ಮೈ ಉರಿದದ್ದು ಡೈರೆಕ್ಟರ್ ಮೇಲಲ್ಲ, ಶಂಕರಪ್ಪನವರ ಮೇಲೆ. ಡೈರೆಕ್ಟರ್ ತಪ್ಪು ಉತ್ತರವನ್ನು ಸರಿ ಅಂದಿದ್ದರು, ಅದು ಅವರ ಸ್ವಭಾವ. ಶಂಕರಪ್ಪನವರೋ, ಮಗಳು ಸರಿ ಉತ್ತರ ಬರೆದದ್ದಕ್ಕೆ ಕ್ಷಮೆ ಕೇಳಿ ಅರ್ಜಿ ಕೊಟ್ಟುಬಿಟ್ಟಿದ್ದರು. ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು?

ದೆಹಲಿಯ ಜನಕಪುರಿಯ ಒಂದು ಕೋಚಿಂಗ್ ಸೆಂಟರಿನಲ್ಲಿ ನಾನು ಫಿಸಿಕ್ಸ್ ಹೇಳಿಕೊಡುತ್ತೇನೆ. ನಮ್ಮಲ್ಲಿ ಪ್ರತಿ ದೊಡ್ಡ ಟೆಸ್ಟ್ ಆದಮೇಲೆ ಮಕ್ಕಳನ್ನು ಜರಡಿ ಹಿಡಿದು ಹೊಸದಾಗಿ ಬ್ಯಾಚ್ ಮಾಡುತ್ತಾರೆ. ಮೊದಲ ಬ್ಯಾಚಿಗೆ ಹಳಬರ ಪಾಠ, ಕೆಲಸ ಮಾಡುವ ಎಸಿ. ಕೊನೆಯ ಬ್ಯಾಚಿನವರು ಬದುಕಿದ್ದಾರೆ ಅನ್ನುವುದು ಫೀಸ್ ಕಟ್ಟುವಾಗ ಮಾತ್ರ ಆಫೀಸಿಗೆ ನೆನಪಾಗುತ್ತದೆ. ಶಂಕರಪ್ಪನವರ ಮಗಳು ಗಾನವಿ ಮೊದಲ ಬ್ಯಾಚಿನಲ್ಲಿದ್ದವಳು. ಈ ಸಲ ಒಂದೇ ಒಂದು ಪ್ರಶ್ನೆಯಿಂದ ಕೆಳಗೆ ಬಿದ್ದಳು.

ಪ್ರಶ್ನೆ ರಾಕೆಟ್ ಪಾಠದ್ದು. ಮರಳು ತುಂಬಿದ ಗಾಡಿಯೊಂದು ಘರ್ಷಣೆಯೇ ಇಲ್ಲದ ಹಳಿಯ ಮೇಲೆ ಒಂದೇ ವೇಗದಲ್ಲಿ ಹೋಗುತ್ತಿದೆ. ತಳದ ತೂತಿನಿಂದ ಮರಳು ಸೋರುತ್ತಿದೆ. ತೂಕ ಅರ್ಧಕ್ಕೆ ಇಳಿದಾಗ ವೇಗ ಎಷ್ಟು? ಗಾನವಿ 'ಮೊದಲಿದ್ದಷ್ಟೇ' ಅಂತ ಗುರುತು ಹಾಕಿದ್ದಳು. ಕೀ ಉತ್ತರದಲ್ಲಿ 'ಎರಡರಷ್ಟು' ಅಂತಿತ್ತು. ಕೀ ಬರೆದವರು ಖುದ್ದು ಸೆಂಟರಿನ ಡೈರೆಕ್ಟರ್.

ನಾನು ಅವರ ಕೋಣೆಗೆ ಹೋಗಿ ಕೀ ತಪ್ಪಾಗಿದೆ ಅಂತ ಹೇಳಿದೆ. ಸಂವೇಗ ಅಂದರೆ ತೂಕ ಗುಣಿಸು ವೇಗ, ಅದು ಬದಲಾಗುವುದಿಲ್ಲ, ಆದ್ದರಿಂದ ತೂಕ ಅರ್ಧವಾದರೆ ವೇಗ ಎರಡರಷ್ಟು ಅನ್ನುವುದು ಅವರ ಲೆಕ್ಕ. ಮಕ್ಕಳ ಬಾಯಲ್ಲಿ 'ಮಾಸ್ ಹಾಫ್ ತೋ ಸ್ಪೀಡ್ ಡಬಲ್' ಅಂತ ಮಂತ್ರದ ಹಾಗೆ ಹೇಳಿಸುತ್ತಾರೆ. ಆದರೆ ಸೋರಿದ ಮರಳು ತನ್ನ ಪಾಲಿನ ಸಂವೇಗವನ್ನು ಗಾಡಿಗೆ ದಾನ ಕೊಟ್ಟು ಬೀಳುವುದಿಲ್ಲ, ಜೊತೆಗೇ ತಗೊಂಡು ಬೀಳುತ್ತದೆ. ರಾಕೆಟ್ ಮುಂದೆ ನುಗ್ಗುವುದು ಹಗುರಾಗುತ್ತದೆ ಅಂತಲ್ಲ, ಅನಿಲವನ್ನು ಹಿಂದಕ್ಕೆ ರಭಸವಾಗಿ ಎಸೆಯುತ್ತದೆ ಅಂತ.

"ಸರ್, ನಮ್ಮ ಬ್ಲಾಕಿಗೆ ಬರೋ ನೀರಿನ ಟ್ಯಾಂಕರ್ ದಾರಿಯುದ್ದಕ್ಕೂ ಸೋರ್ತಾನೇ ಬರುತ್ತೆ. ನಿಮ್ಮ ಕೀ ಪ್ರಕಾರ ಅದು ಇಷ್ಟೊತ್ತಿಗೆ ಚಂದ್ರನ ಮೇಲಿರಬೇಕಿತ್ತು," ಅಂದೆ ಹಿಂದಿಯಲ್ಲಿ.

ಅವರು ನಗಲಿಲ್ಲ. "ಮೇಡಂಜೀ, ಬ್ಯಾಚ್ ಲಿಸ್ಟ್ ವಾಟ್ಸಾಪಿನಲ್ಲಿ ಹೋಗಿಯಾಗಿದೆ. ಆಕ್ಷೇಪಣೆ ಇದ್ದರೆ ಶನಿವಾರದೊಳಗೆ ತಂದೆತಾಯಿ ಬರೆದುಕೊಡಲಿ," ಅಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು ಅಂದುಕೊಂಡು ಎದ್ದು ಬಂದೆ. ಆದರೂ ಆಕ್ಷೇಪಣೆಗೆ ದಾರಿ ಇತ್ತಲ್ಲ, ಗಾನವಿಗೆ ಅಪ್ಪನನ್ನು ಕಳಿಸು ಅಂತ ಹೇಳಿದೆ.

ಶಂಕರಪ್ಪನವರು ದಾವಣಗೆರೆ ಕಡೆಯವರು, ಕೇಂದ್ರ ಸರ್ಕಾರದ ಯಾವುದೋ ಸಚಿವಾಲಯದಲ್ಲಿ ಗುಮಾಸ್ತರು. ಶನಿವಾರ ಬಂದರು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕೈಯಲ್ಲಿ ಸಿಹಿಡಬ್ಬಿ ಹಿಡಿದುಕೊಂಡು. ಡೈರೆಕ್ಟರ್ ಕೋಣೆಯಿಂದ ನಗುಮುಖದಲ್ಲೇ ಹೊರಗೆ ಬಂದರು.

"ಕೊಟ್ಟೆ ಮೇಡಂ. ಹುಡುಗಿ ತಿಳೀದೆ ತಪ್ಪು ಬರೆದಿದ್ದಾಳೆ, ದಯವಿಟ್ಟು ಮನ್ನಿಸಿ ಹಳೇ ಬ್ಯಾಚಿನಲ್ಲೇ ಉಳಿಸಿಕೊಳ್ಳಬೇಕು ಅಂತ."

"ತಪ್ಪು ಅಂತ ಬರೆದುಕೊಟ್ರಾ? ಅವಳು ಬರೆದಿದ್ದೇ ಸರಿ ಕಣ್ರೀ."

"ಇರಬಹುದು ಮೇಡಂ. ಆದ್ರೆ ಮೇಲಿನವರು ಸಹಿ ಹಾಕಿದ್ಮೇಲೆ ಅದನ್ನ ತಪ್ಪು ಅನ್ನೋಕಾಗುತ್ತಾ? ವಿನಂತಿ ಮಾಡ್ಕೊಂಡ್ರೆ ಕೆಲಸ ಆಗುತ್ತೆ. ನನ್ನ ಸರ್ವೀಸೆಲ್ಲ ಹಂಗೇ ನಡೆದಿದೆ."

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಕಂಡಿದ್ದೆ. ಇವರು ಕರುವಿಗೆ ಹುಲ್ಲನ್ನೂ ತಂದಿದ್ದರು. ಅಷ್ಟರಲ್ಲಿ ಡೈರೆಕ್ಟರ್ ಬಾಗಿಲಿಗೆ ಬಂದು ಅರ್ಜಿ ತೋರಿಸಿದರು. "ನೋಡಿ ಮೇಡಂಜೀ, ತಂದೆಯೇ ಒಪ್ಪಿಕೊಂಡಿದ್ದಾರೆ. ಮ್ಯಾಟರ್ ಕ್ಲೋಸ್." ಶಂಕರಪ್ಪನವರ ನಗು ಹಾಗೇ ಇಳಿದುಹೋಯಿತು.

ಗಾನವಿ ಮೆಟ್ಟಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಅಪ್ಪ, ನೀನು ಸಾರಿ ಯಾಕೆ ಹೇಳ್ದೆ? ನಂಗೆ ಬ್ಯಾಚ್ ಹೋದ್ರೆ ಹೋಗ್ಲಿ. ಮೇರಾ ಆನ್ಸರ್ ಸಹೀ ಹೈ." ಅವಳು ಅವರ ಎದುರಿಗೆ ಬಂದು ನಿಂತಳು. "ನೀನಾದ್ರೂ ನನ್ನ ಕಡೆ ಇರ್ಬೇಕಿತ್ತು."

ಅವಳು ರಿಸೆಪ್ಷನ್ನಿನ ಚಕ್ರದ ಕುರ್ಚಿಯನ್ನು ಕಾರಿಡಾರಿಗೆ ಎಳೆದು ತಂದಳು. ನಮ್ಮ ಸೆಂಟರೇ ಅಚ್ಚು ಹಾಕಿಸಿದ ದಪ್ಪ ದಪ್ಪ ಮಾಡ್ಯೂಲ್ ಪುಸ್ತಕಗಳನ್ನು ಮಡಿಲಲ್ಲಿ ಪೇರಿಸಿಕೊಂಡು ಕೂತಳು.

"ಅಪ್ಪ, ನೂಕು. ಪ್ರತಿ ಸಲ ಒಂದೇ ಥರ ನೂಕ್ಬೇಕು."

ಶಂಕರಪ್ಪನವರು ಡೈರೆಕ್ಟರ್ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ನೂಕಿದರು. ಕುರ್ಚಿ ಹೋಗಿ ನೀರಿನ ಫಿಲ್ಟರ್ ಹತ್ತಿರ ನಿಂತಿತು. ಎರಡನೇ ಸಲ ಅವಳು ಹೋಗುತ್ತಾ ಹೋಗುತ್ತಾ ಪುಸ್ತಕಗಳನ್ನು ಎರಡೂ ಬದಿಗೆ ಸುಮ್ಮನೆ ಕೈಬಿಟ್ಟಳು. ಪುಸ್ತಕಗಳು ಬಿದ್ದು ತಾವೂ ಮುಂದಕ್ಕೆ ಜಾರಿದವು. ಮಡಿಲು ಖಾಲಿಯಾದರೂ ಕುರ್ಚಿ ನಿಂತದ್ದು ಫಿಲ್ಟರ್ ಹತ್ತಿರವೇ.

"ಇದು ಮರಳು," ಅಂದಳು. "ಅಬ್ ರಾಕೆಟ್. ಅಪ್ಪ, ನೂಕಿ ಪಕ್ಕಕ್ಕೆ ಸರ್ಕೋ."

ಪುಸ್ತಕಗಳನ್ನು ಮತ್ತೆ ಮಡಿಲಿಗೆ ಪೇರಿಸಿಕೊಂಡು, ಈ ಸಲ ಒಂದೊಂದನ್ನೇ ಬಲವಾಗಿ ಹಿಂದಕ್ಕೆ ಎಸೆದಳು. ಕುರ್ಚಿ ಫಿಲ್ಟರ್ ದಾಟಿ, ನೋಟಿಸ್ ಬೋರ್ಡ್ ದಾಟಿ, ಕೊನೆಯ ಗೋಡೆಗೆ ಹೋಗಿ ಬಡಿಯಿತು. ರಾಕೆಟ್ ಪಾಠದ ಮಾಡ್ಯೂಲೇ ಡೈರೆಕ್ಟರ್ ಕಾಲ ಬಳಿ ಬಂದು ಬಿತ್ತು. ತರಗತಿಗಳ ಬಾಗಿಲಲ್ಲಿ ಮಕ್ಕಳು ಗುಂಪುಗೂಡಿದ್ದರು.

"ತಮಾಷಾ ಮುಗೀತಾ?" ಅಂದರು ಡೈರೆಕ್ಟರ್. "ಅರ್ಜಿ ಅರ್ಜಿಯೇ. ಫೈಲಿಗೆ ಹೋಯಿತು."

ಶಂಕರಪ್ಪನವರು ಬಿದ್ದಿದ್ದ ಪುಸ್ತಕಗಳನ್ನು ಒಂದೊಂದಾಗಿ ಎತ್ತಿಟ್ಟರು. ಇನ್ನೇನು ಮತ್ತೆ ಕೈ ಮುಗಿಯುತ್ತಾರೆ, ಹುಡುಗಿಯ ಕಥೆ ಮುಗಿಯಿತು ಅಂದುಕೊಂಡೆ. ಅವರು ಡೈರೆಕ್ಟರ್ ಎದುರಿಗೆ ಹೋಗಿ ಕೈ ಚಾಚಿದರು.

"ಸಾಬ್, ನನ್ನ ಅರ್ಜಿ ವಾಪಸ್ ಕೊಡಿ," ಅಂದರು ತಮ್ಮ ಒರಟು ಹಿಂದಿಯಲ್ಲಿ. "ಫೈಲಿಗೆ ಹೋದ ಕಾಗದವನ್ನ ಹೊರಗೆ ತೆಗೆಯೋದು ನನ್ನ ಕಸುಬು. ಅದರ ಮೇಲೆ ನಿಮ್ಮ ಸೀಲು ಇನ್ನೂ ಬಿದ್ದಿಲ್ಲ. ಇವತ್ತು ಶನಿವಾರ, ಆಕ್ಷೇಪಣೆಗೆ ಟೈಮೂ ಇದೆ."

ಮಕ್ಕಳೆಲ್ಲ ನೋಡುತ್ತಿದ್ದರು. ಡೈರೆಕ್ಟರ್ ಕಾಗದ ಕೊಟ್ಟರು. ಶಂಕರಪ್ಪನವರು ಅದನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ ಅದೇ ಚಕ್ರದ ಕುರ್ಚಿಯ ಮೇಲೆ ಕೂತು, ನನ್ನಿಂದ ಒಂದು ಬಿಳಿ ಹಾಳೆ ಇಸಕೊಂಡು, ಪೆನ್ನಿನ ಕ್ಯಾಪ್ ತೆಗೆದರು.

"ವಿಷಯ ಅಂತ ಬರೆದೆ," ಅಂದರು ಮಗಳಿಗೆ. "ಮುಂದೆ ಏನು ಬರೀಲಿ, ನೀನೇ ಹೇಳಮ್ಮ."

ಗಾನವಿ ಕಣ್ಣು ಒರೆಸಿಕೊಂಡು ಅವರ ಭುಜದ ಮೇಲೆ ಬಗ್ಗಿದಳು. "ಮರಳು ತಾನಾಗೇ ಸೋರಿದ್ದು, ಯಾರೂ ಎಸೆದಿಲ್ಲ ಅಂತ ಬರಿ ಅಪ್ಪ."

ಅವರು ಹಾಗೇ ಬರೆದರು.