ಕಳಲೆ ಪಲ್ಯ

ಕರುಳಿನ ಗಡ್ಡೆ ತೆಗೆದ ಮೈಸೂರಿನ ಡಾಕ್ಟರು ಜವರಯ್ಯನ ಹೊಟ್ಟೆಯ ಎಡಗಡೆ ಒಂದು ಬಾಯಿ ಮಾಡಿ ಕಳಿಸಿ ಎಂಟು ತಿಂಗಳಾಗಿತ್ತು. ಕೊಡಗು ಇನ್ನೂ ತನ್ನದೇ ಸರ್ಕಾರ ನಡೆಸುತ್ತಿದ್ದ ಕಾಲ ಅದು. ಮಲವೆಲ್ಲ ಆ ಬಾಯಿಂದಲೇ ಬರುತ್ತಿತ್ತು. ಹಳೇ ಸೀರೆಯ ತುಂಡನ್ನು ಮಡಿಸಿ ಅದರ ಮೇಲಿಟ್ಟು ಪಟ್ಟಿ ಬಿಗಿಯುತ್ತಿದ್ದ. ಹೆಂಡತಿ ಚಲುವಮ್ಮ ಆ ಬಟ್ಟೆಗಳನ್ನು ಹಳ್ಳದ ತೀರಾ ಕೆಳಗೆ ಒಯ್ದು ಒಗೆಯುತ್ತಿದ್ದಳು. ಮೇಲುಗಡೆ ಒಗೆಯಬೇಡ ಎಂದು ಊರ ಹೆಂಗಸರು ಹೇಳಿಬಿಟ್ಟಿದ್ದರು.

ಶ್ರಾವಣದಲ್ಲಿ ಮಗಳು ಮುತ್ತಮ್ಮನಿಗೆ ಶನಿವಾರಸಂತೆ ಕಡೆಯ ಸಂಬಂಧ ಗೊತ್ತಾಯಿತು. ಎಲ್ಲಿ ಮುರಿದುಬೀಳುತ್ತದೋ ಎಂದು ಬೀಗರಿಗೆ ಆಪರೇಷನ್ನಿನ ವಿಷಯ ಹೇಳಿರಲಿಲ್ಲ. ಅಲ್ಲಿ ಪಟ್ಟಿ ಒದ್ದೆಯಾಗದಿರಲೆಂದು ಮಾತುಕತೆಗೆ ಹೋಗುವ ಹಿಂದಿನ ದಿನದಿಂದಲೇ ಜವರಯ್ಯ ಗಂಜಿನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅಲ್ಲಿ ಊಟಕ್ಕೆ ಕೂತಾಗ ಬೀಗಿತಿ ವನಜಮ್ಮ ಎಳೆ ಬಿದಿರಿನ ಕಳಲೆ ಪಲ್ಯ ತಂದರು.

"ಸಾಕು ತಾಯಿ, ಬ್ಯಾಡ."

"ನಮ್ಮನೆ ಊಟ ಸೇರ್ತಿಲ್ವಾ ಬೀಗ್ರೆ? ಎಲೇಲಿ ಹಂಗೇ ಐತಲ್ಲ."

ನಾರಿನ ಪದಾರ್ಥ ತಿನ್ನಬೇಡಿ ಎಂದು ಆಸ್ಪತ್ರೆಯ ನರ್ಸು ಹೇಳಿದ್ದಳು. ಎಲ್ಲರೂ ತನ್ನ ಎಲೆಯನ್ನೇ ನೋಡುತ್ತಿದ್ದಾರೆ ಅನ್ನಿಸಿ ಜವರಯ್ಯ ಎರಡು ಸಲ ಹಾಕಿಸಿಕೊಂಡು ತಿಂದ. ಹಸಿವೂ ಇತ್ತು.

ಮಾರನೇ ಬೆಳಿಗ್ಗೆ ಹೊಟ್ಟೆಯ ಮೇಲಿನ ಬಟ್ಟೆ ಒಣಗಿಯೇ ಇತ್ತು. ಸಂಜೆಗೂ ಹಾಗೇ. ಹೊಟ್ಟೆ ಉಬ್ಬಿ, ಅಲೆಯಲೆಯಾಗಿ ನೋವು ಬಂತು. ಕುಡಿದ ನೀರೂ ವಾಂತಿಯಾಯಿತು. ಮಡಿಕೇರಿಗೆ ಕರೆದೊಯ್ಯೋಣವೆಂದರೆ ಮಳೆಗೆ ಮರ ಬಿದ್ದು ಬಸ್ಸು ನಿಂತಿತ್ತು.

"ತಿನ್ನಬೇಡಿ ಅಂದಿದ್ರಲ್ಲ, ಯಾಕೆ ತಿಂದ್ರಿ?" ಚಲುವಮ್ಮ ಕೇಳಿದಳು.

"ಏನಂತ ಹೇಳ್ಲಿ ಅವರಿಗೆ?"

ಅವಳು ನರ್ಸು ತೋರಿಸಿಕೊಟ್ಟಂತೆ ರಬ್ಬರ್ ಕೊಳವೆಯಲ್ಲಿ ಹೊಟ್ಟೆಯ ಬಾಯೊಳಕ್ಕೆ ಉಗುರುಬೆಚ್ಚಗಿನ ನೀರು ಬಿಟ್ಟಳು. ಮೊದಲ ಸಲ ನೀರು ಹಾಗೇ ವಾಪಸು ಬಂತು. ಎರಡನೇ ದಿನ ಮತ್ತೆ ಬಿಟ್ಟು, ಮಂಡಿ ಮಡಿಸಿ ಮಲಗಿಸಿ ಹೊಟ್ಟೆ ನೀವುತ್ತಾ ಕೂತಳು. ಯಾವುದನ್ನು ಒಗೆದೂ ಒಗೆದೂ ಹೇಸಿದ್ದಳೋ ಅದಕ್ಕಾಗಿಯೇ ಕಾಯುತ್ತಿದ್ದಳು. ಮಧ್ಯಾಹ್ನ ಮೂರರ ಹೊತ್ತಿಗೆ ನಾರಿನ ಗಂಟೊಂದು ಹೊರಬಿತ್ತು. ಹಿಂದೆಯೇ ಎಲ್ಲ ಸುರಿದು ಚಾಪೆ ಹಾಳಾಯಿತು. ಚಲುವಮ್ಮ ಕೈ ಕೂಡ ತೊಳೆಯದೆ ಗೋಡೆಗೊರಗಿ ಅತ್ತಳು.

ಮುತ್ತಮ್ಮ ಬಾಗಿಲಲ್ಲೇ ನಿಂತಿದ್ದಳು. "ಅವರಿಗೆ ಹೇಳ್ಬಿಡು ಅಪ್ಪಯ್ಯ. ಮದುವೆ ಆದ್ಮೇಲೆ ಹಬ್ಬಕ್ಕೆಲ್ಲ ಕರೀತಾರೆ. ಪ್ರತಿ ಸಲ ಹಿಂಗೇ ಸಾಯಾಕೆ ಹೋಗ್ತೀಯಾ?"

ಎದ್ದು ಓಡಾಡುವಂತಾದ ಮೇಲೆ ಜವರಯ್ಯ ಒಬ್ಬನೇ ಹೋಗಿ ಬೀಗ ದೇವರಾಜುವಿಗೆ ಎಲ್ಲ ಹೇಳಿದ. ದೇವರಾಜು ಮನೆಯ ಹಿರಿಯರನ್ನು ಕೇಳಿ ಹೇಳುತ್ತೇನೆಂದು ಕಳಿಸಿದ. ವಾರದ ಮೇಲೆ ತಾನೇ ಬಂದ.

"ಸಂಬಂಧ ಬಿಡಲ್ಲ. ಹುಡುಗಿ ನಮಗೆ ಒಪ್ಪಿಗೆ ಆಗವ್ಳೆ. ಆದ್ರೆ ಧಾರೆಗೆ ನಿಮ್ಮಣ್ಣ ಕೂರ್ಲಿ. ನಮ್ಮ ಹಿರೀಕರು ಮೈಲಿಗೆ ಅಂತಾರೆ."

ಚಲುವಮ್ಮ ಬಾಯಿ ತೆರೆಯುವ ಮೊದಲೇ ಜವರಯ್ಯ, "ಹಂಗೇ ಆಗ್ಲಿ" ಅಂದ. ಮುತ್ತಮ್ಮ ಒಳಗೆ ಹೋದವಳು ಬೀಗರು ಹೊರಡುವವರೆಗೂ ಆಚೆ ಬರಲಿಲ್ಲ. ನಾನೇ ಹೇಳು ಅಂದೆನಲ್ಲ ಎಂದು ಎಷ್ಟೋ ದಿನ ಕೊರಗಿದಳು.

ಮಾಘದಲ್ಲಿ ಮದುವೆಯಾಯಿತು. ದೊಡ್ಡಪ್ಪ ಧಾರೆ ಎರೆದ. ಜವರಯ್ಯ ಚಪ್ಪರದ ಹಿಂದಿನ ಸಾಲಿನಲ್ಲಿ ನಿಂತು, ಮುಂದಿದ್ದವರ ಹೆಗಲ ಸಂದಿಯಿಂದ ಮಗಳ ಮುಖ ಕಾಣಿಸುತ್ತದೆಯೇ ಎಂದು ನೋಡುತ್ತಿದ್ದ.